ಡಿಗ್ರಿ ಕೈಯಲ್ಲಿ, ಸಾಮಾನು ಬೀದಿಯಲ್ಲಿ!

ಅಂಬೇಡ್ಕರ್ ಅಂದರೆ ಸರ್ಕಲ್ಲಿನ ನೀಲಿ ಕೋಟಿನ ಪ್ರತಿಮೆ ಎಲ್ಲರಿಗೂ ಗೊತ್ತು. ಆ ಕೋಟಿನ ಹಿಂದಿರುವ ಸಾಲದ ಲೆಕ್ಕ ಎಷ್ಟು ಜನಕ್ಕೆ ಗೊತ್ತು?

ಅಪ್ಪ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಭೀಮರಾಯರೇ ಮೊದಲಿಗರು. 1912ರಲ್ಲಿ ಬೊಂಬಾಯಿಯಲ್ಲಿ ಬಿ.ಎ. ಮುಗಿಯಿತು. 1913ರ ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡರು. ಅದೇ ವರ್ಷ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕಕ್ಕೆ ಕಳಿಸಿದರು. ತಿಂಗಳಿಗೆ 11.5 ಪೌಂಡ್, ಮೂರು ವರ್ಷ. ಪುಕ್ಕಟೆಯಲ್ಲ ಮತ್ತೆ! ವಾಪಸ್ ಬಂದು 10 ವರ್ಷ ಸಂಸ್ಥಾನದ ನೌಕರಿ ಮಾಡಬೇಕೆಂದು ಕರಾರು.

ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1915ಕ್ಕೆ ಎಂ.ಎ. ಆಯಿತು. ಮರುವರ್ಷ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರಕ್ಕೂ ಬ್ಯಾರಿಸ್ಟರಿಗೂ ಸೇರಿದರು. ಅಷ್ಟರಲ್ಲಿ ವಿದ್ಯಾರ್ಥಿವೇತನ ಮುಗಿದು, 1917ರಲ್ಲಿ ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಮಹಾಯುದ್ಧದ ಕಾಲ. ಪುಸ್ತಕಗಳನ್ನು ಹೊತ್ತ ಇನ್ನೊಂದು ಹಡಗು ಸಮುದ್ರದ ಪಾಲಾಯಿತು. ಹೋದ ಸಾಮಾನಿಗೆ ಸಿಕ್ಕ ಪರಿಹಾರದ ದುಡ್ಡಲ್ಲೇ ಬರೋಡಕ್ಕೆ ಹೊರಟರು.

ಅಲ್ಲಿ ದೊಡ್ಡ ಹುದ್ದೆ ಇತ್ತು, ಇರಲಿಕ್ಕೆ ರೂಮಿಲ್ಲ. ಅಸ್ಪೃಶ್ಯನಿಗೆ ಯಾರು ಕೊಟ್ಟಾರು? ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ಕೋಲು ಹಿಡಿದ ಹತ್ತು ಹನ್ನೆರಡು ಮಂದಿ ಬಂದು, ಸಾಯಂಕಾಲದೊಳಗೆ ಜಾಗ ಖಾಲಿ ಮಾಡೆಂದು ಗದರಿಸಿದರು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರೂ ಏನೇನೋ ಹೇಳಿ ಜಾರಿಕೊಂಡರು. ಕೊಲಂಬಿಯಾದ ಎಂ.ಎ. ಓದಿದವರು ಕಾಮಾಟಿ ಬಾಗಿನ ಪಾರ್ಕಿನಲ್ಲಿ ಕೂತು, ರಾತ್ರಿ 9ರ ರೈಲಿಗೆ ಬೊಂಬಾಯಿ ಹಾದಿ ಹಿಡಿದರು.

ಬೇರೆಯವರಾಗಿದ್ದರೆ ಓದಿದ್ದು ಸಾಕಪ್ಪಾ ಅನ್ನುತ್ತಿದ್ದರೇನೋ. ಇವರು ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ, ಸಂಬಳದಲ್ಲಿ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ಕೈಲಾದಷ್ಟು ಕೊಟ್ಟರು. ಉಳಿದ 5000 ರೂಪಾಯಿ ಸಾಲ ಕೊಟ್ಟವರು ಯಾರು ಗೊತ್ತೇ? ಗೆಳೆಯ ನವಲ್ ಭಾಥೇನಾ. ಅವರೂ ಪಾರ್ಸಿಯೇ!

1920ರಲ್ಲಿ ಮತ್ತೆ ಲಂಡನ್. ಮಧ್ಯಾಹ್ನದ ಊಟಕ್ಕೆ ಕತ್ತರಿ, ಬ್ರಿಟಿಷ್ ಮ್ಯೂಸಿಯಂ ಬಾಗಿಲು ಹಾಕುವ ತನಕ ಓದು. 1921ಕ್ಕೆ ಎಂ.ಎಸ್‌ಸಿ., ಮರುವರ್ಷ ಬ್ಯಾರಿಸ್ಟರ್. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧವನ್ನು ಪರೀಕ್ಷಕರು ತಿದ್ದಿ ಕೊಡಲು ಹೇಳಿದಾಗ ಇವರ ಕೈಯಲ್ಲಿ ರೂಪಾಯಿಯೇ ಇರಲಿಲ್ಲ. ಬೊಂಬಾಯಿಗೆ ಬಂದು ತಿದ್ದಿ ಕಳಿಸಿದರು. 1923ರಲ್ಲಿ ಡಿ.ಎಸ್‌ಸಿ. ಕೈಗೆ ಬಂತು.

ಅದೇ ವರ್ಷ ಹೈಕೋರ್ಟಿನಲ್ಲಿ ವಕೀಲಿ ಶುರು ಮಾಡಬೇಕು, ಸನದಿಗೆ ಕಟ್ಟಲು ದುಡ್ಡಿಲ್ಲ. ಅದನ್ನೂ ಭಾಥೇನಾ ಅವರೇ ಕೊಟ್ಟರು.