ನಮ್ಮ ಸೀಮೆಯನ್ನು ಕಂಡ ಡಾಕ್ಟರ್ ಬುಕಾನನ್

ನಮ್ಮ ಹೊಲವನ್ನು ಉಳುವಾಗ ಆಗೊಮ್ಮೆ ಈಗೊಮ್ಮೆ ನೇಗಿಲಿಗೆ ಕಿಟ್ಟದ ಕಲ್ಲು ತಗಲುತ್ತದೆ. ಕಪ್ಪಗೆ, ತೂತುತೂತಾಗಿ, ಗಾತ್ರಕ್ಕೆ ಮೀರಿದ ಭಾರ. ನಮ್ಮ ತಂದೆಯವರು ಅದನ್ನು ಬದುವಿಗೆ ಎಸೆಯುತ್ತಾರೆ. ತಾತನೂ ಹಾಗೆಯೇ ಎಸೆಯುತ್ತಿದ್ದನಂತೆ. ಅದು ಏನೆಂಬುದು ನನಗೆ ತಿಳಿದದ್ದು ಕಾಲೇಜಿನ ಪುಸ್ತಕಭಂಡಾರದಲ್ಲಿ, ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಗ್ರಂಥವನ್ನು ತೆರೆದಾಗ.

ಬುಕಾನನ್ನನು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದನು. ಆತನ ಮನೆತನದ ಸೀಮೆ ಕ್ಯಾಲಂಡರ್ ಎಂಬ ಊರಿನ ಸುತ್ತಿನದು. ಲೆನಿ ಎಂಬ ಹೊಳೆ ಅಲ್ಲಿ ಗುಡ್ಡಗಳ ನಡುವೆ ಧುಮುಕಿ ಬಂದು ಟೀತ್ ನದಿಯನ್ನು ಕೂಡುತ್ತದೆ. ಈತನು ಹಿರಿಯ ಮಗನಲ್ಲ. ಆಸ್ತಿಗೆ ಬದಲು ವಿದ್ಯೆಯನ್ನೇ ನಂಬಬೇಕಾಯಿತು. ಎಡಿನ್‌ಬರೋದಲ್ಲಿ ವೈದ್ಯವನ್ನೂ ಜಾನ್ ಹೋಪ್‌ನ ಬಳಿ ಸಸ್ಯಶಾಸ್ತ್ರವನ್ನೂ ಕಲಿತು, 1783ರಲ್ಲಿ ಪದವೀಧರನಾದನು. ಕೆಲವು ಕಾಲ ಹಡಗುಗಳಲ್ಲಿ ವೈದ್ಯನಾಗಿದ್ದು, 1794ರಲ್ಲಿ ಕಂಪನಿಯ ಬಂಗಾಳದ ನೌಕರಿಗೆ ಸೇರಿದನು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಕೈಗೆ ಬಂದ ನಾಡಿನ ಸಾರವೇನೆಂದು ಅರಿಯುವ ಆತುರ ಗವರ್ನರ್ ಜನರಲ್ ವೆಲ್ಲೆಸ್ಲಿಗೆ. ಆತನ ಆಜ್ಞೆಯಂತೆ ಬುಕಾನನ್ನನು 1800ನೆಯ ಏಪ್ರಿಲ್ 23ರಂದು ಮದರಾಸಿನಿಂದ ಹೊರಟನು. ಅದೇ ವರ್ಷ ಮಧುಗಿರಿ, ಚನ್ನರಾಯನದುರ್ಗ, ಶಿರಾಗಳಿಗೆ ಬಂದನು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ನಮ್ಮ ಜಯಮಂಗಲಿಯ ಸೀಮೆಯೇ ಇದು. ಬಿತ್ತನೆಗೆ ಬೀಜವೆಷ್ಟು, ಬೆಳೆ ಎಷ್ಟು, ಕಂದಾಯವೆಷ್ಟು, ಆಳಿಗೆ ಕೂಲಿ ಎಷ್ಟು ಎಂಬುದೇ ಆತನ ವಿಚಾರಣೆ. ಕನ್ನಡ ಬಾರದು, ಎಲ್ಲವೂ ದುಭಾಷಿಯ ಬಾಯಿಂದಲೇ. ನಮ್ಮ ಜನರ ಮೇಲೆ ಆತನಿಗೆ ಬಹಳ ಪ್ರೀತಿಯಿತ್ತೆಂದು ನಾನು ಹೇಳಲಾರೆ. ಆದರೂ ಕುಲುಮೆಯ ಮುಂದೆ ತಾಳ್ಮೆಯಿಂದ ನಿಂತನು. ಹಳ್ಳದ ಕರಿ ಮರಳನ್ನು ತೊಳೆಯುವುದು, ಇದ್ದಿಲು ಹಾಕಿ ತಿದಿಯೊತ್ತಿ ಕಬ್ಬಿಣ ಇಳಿಸುವುದು, ಅದರ ತುಂಡನ್ನು ತಂಗಡಿ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕು ಮಾಡುವುದು, ಎಲ್ಲವನ್ನೂ ಬರೆದಿಟ್ಟನು. ಶಿರಾವು ದಿಲಾವರ್ ಖಾನನ ಕಾಲದ ವೈಭವವನ್ನು ಕಳೆದುಕೊಂಡಿತ್ತು. ಟಿಪ್ಪುವು ಅಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಎಬ್ಬಿಸಿಕೊಂಡು ಹೋದನೆಂದು ಗೆಜೆಟಿಯರು ಹೇಳುತ್ತದೆ.

ಕುಲುಮೆಯ ಪುಟಗಳನ್ನು ನಾನು ಮನೆಯಲ್ಲಿ ಕನ್ನಡದಲ್ಲಿ ವಿವರಿಸಿದೆನು. ತಂದೆಯವರು ಕಿಟ್ಟದ ತುಂಡೊಂದನ್ನು ತಿರುಗಿಸಿ ನೋಡಿ, ಆ ಕೆಲಸಗಾರರ ಹೆಸರುಗಳನ್ನು ದೊರೆ ಬರೆದಿದ್ದಾನೆಯೆ ಎಂದು ಕೇಳಿದರು. ಮತ್ತೆ ಹುಡುಕಿದೆನು; ನನಗೆ ಕಾಣಲಿಲ್ಲ.

ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಆ ವರ್ಷದಿಂದ ಏಳು ವರ್ಷ ಬುಕಾನನ್ನನು ಬಂಗಾಳವನ್ನು ಅಳೆದನು. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಮರುವರ್ಷ ತಾಯ್ನಾಡಿಗೆ ಹೊರಡುವಾಗ, ಆತನು ವರ್ಷಗಟ್ಟಲೆ ಕುಳಿತು ಬರೆಯಿಸಿದ್ದ ಚಿತ್ರಗಳನ್ನು ಗವರ್ನರ್ ಜನರಲ್ ಮೊಯ್ರಾ ಕಂಪನಿಯ ಸ್ವತ್ತೆಂದು ತಡೆದುಬಿಟ್ಟನು. ಪರರ ಹೊಲ ಮನೆಗಳನ್ನು ಕಂಪನಿಗಾಗಿ ಎಣಿಸಿದವನ ಗಂಟನ್ನು ಕಂಪನಿಯೇ ಬಿಚ್ಚಿ ಇಟ್ಟುಕೊಂಡಿತು! ಆದರೂ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಆತನು ಮೊದಲು ಹೆಸರಿಸಿದ ಪಟ್ಟೆಪಟ್ಟೆಯ ಪುಟ್ಟ ಮೀನೊಂದು ಇಂದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಈಜುತ್ತಿದೆ.

ಕೊನೆಗೆ ತಾಯಿಯ ಕಡೆಯ ಆಸ್ತಿ ಬಂದು, ಹ್ಯಾಮಿಲ್ಟನ್ ಎಂಬ ಹೆಸರನ್ನು ತಾಳಿದನು. ತಡವಾಗಿ ಮದುವೆಯಾಗಿ, ಲೆನಿಯಲ್ಲಿ ಸಂಸಾರ ಹೂಡಿ, 1829ನೆಯ ಜೂನ್ 15ರಂದು ತೀರಿಕೊಂಡನು.