ಶ್ರೀ ಕೆಂಗಲ್ ಹನುಮಂತಯ್ಯನವರು

ಕೆಂಗಲ್ ಹನುಮಂತಯ್ಯನವರ ಹೆಸರೆತ್ತಿದೊಡನೆ ಎಲ್ಲರ ಕಣ್ಣ ಮುಂದೆ ನಿಲ್ಲುವುದು ಬೆಂಗಳೂರಿನ ವಿಧಾನಸೌಧ. ಆದರೆ ನರಗುಂದ, ರೋಣ ಸೀಮೆಯವರಾದ ನಾವು ಅವರನ್ನು ನೆನೆಯಬೇಕಾದುದು ಬೇರೊಂದು ಕಾರಣಕ್ಕಾಗಿ.

1908ರ ಫೆಬ್ರುವರಿ 14ರಂದು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಒಕ್ಕಲು ಮನೆತನದಲ್ಲಿ ಅವರು ಜನಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಕಾಯದೆಯ ಪದವಿ ಪಡೆದರು. ಹೊಲಮನೆಯ ಮಕ್ಕಳಿಗೆ ಕಾಲೇಜು ದೂರದ ಮಾತಾಗಿದ್ದ ಕಾಲವದು. ಮನೆತನದಲ್ಲಿ ಮೊದಲಿಗರಾಗಿ ಪದವಿಯ ತರಗತಿಗೆ ಕಾಲಿಟ್ಟ ನನ್ನಂಥವರಿಗೆ ಆ ದಾರಿಯ ಕಷ್ಟ ಬೇಗ ತಿಳಿಯುತ್ತದೆ. ವಕೀಲಿ ಬಹುಕಾಲ ನಡೆಯಲಿಲ್ಲ. ಚಳವಳಿಗೆ ಧುಮುಕಿ ಹಲವು ಸಲ ಸೆರೆಮನೆ ಕಂಡರು. ಸಂವಿಧಾನ ಸಭೆಯ ಸದಸ್ಯರಾದರು. 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು.

ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲಿಟ್ಟಾಗ ಯೋಜನೆ ಸಾಧಾರಣವಾಗಿತ್ತು. ಹನುಮಂತಯ್ಯನವರು ಅದನ್ನು ನಮ್ಮ ದೇವಾಲಯಗಳ ಶೈಲಿಯ ಭವ್ಯ ಕಲ್ಲುಕಟ್ಟಡವನ್ನಾಗಿ ಬದಲಿಸಿದರು. ಕೈದಿಗಳೂ ಅದರಲ್ಲಿ ದುಡಿದರು. ಖರ್ಚು 1 ಕೋಟಿ 75 ಲಕ್ಷ ರೂಪಾಯಿ ಮೀರಿತು. ದುಂದುವೆಚ್ಚವೆಂಬ ಟೀಕೆಯೂ ಬಂದಿತು. ಬಡರಾಜ್ಯಕ್ಕೆ ಇಷ್ಟು ಬೇಕಿತ್ತೇ ಎಂದು ಕೇಳಿದವರನ್ನು ತಪ್ಪೆನ್ನಲಾಗದು.

ಇನ್ನು ಏಕೀಕರಣದ ವಿಷಯ. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಸೀಮೆಯವರೇ ಆದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು 1947ರಲ್ಲಿಯೇ ಮುಂಬಯಿ ಶಾಸನಸಭೆಯಲ್ಲಿ ಕರ್ನಾಟಕ ಪ್ರಾಂತಕ್ಕಾಗಿ ಗೊತ್ತುವಳಿ ತಂದಿದ್ದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕೈಗೊಂಡರು. ಇತ್ತ ನಾವು ಕೂಡಬೇಕೆಂದು ಹಂಬಲಿಸುತ್ತಿದ್ದರೆ, ಅತ್ತ ಹಳೆಯ ಮೈಸೂರಿನ ಅನೇಕ ಮುಖಂಡರಿಗೆ ನಾವು ಬೇಡವಾಗಿದ್ದೆವು. ಮೈಸೂರಿನ ಹಣ ಹಿಂದುಳಿದ ಉತ್ತರದ ಜಿಲ್ಲೆಗಳಿಗೆ ಹರಿದುಹೋದೀತು, ಒಕ್ಕಲಿಗರ ಬಲ ಕುಗ್ಗೀತು ಎಂಬುದು ಅವರ ಭಯ. ಹನುಮಂತಯ್ಯನವರೂ ಒಕ್ಕಲಿಗರೇ, ಅವರ ಬೆಂಬಲಿಗರಲ್ಲಿಯೇ ಬಹುಜನ ವಿರೋಧಿಗಳಾಗಿದ್ದರು. ಸುಮ್ಮನಿದ್ದಿದ್ದರೆ ಅವರಿಗೆ ನಷ್ಟವಿರಲಿಲ್ಲ. ಆದರೂ ಬಳ್ಳಾರಿ ಸೇರಿ 7 ತಾಲೂಕುಗಳನ್ನು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬರಮಾಡಿಕೊಂಡರು. 1955ರಲ್ಲಿ ಫಜಲ್ ಅಲಿ ಆಯೋಗದ ವರದಿ ಬಂದಾಗ ಏಕೀಕರಣದ ಪಕ್ಷವನ್ನೇ ಹಿಡಿದರು.

1956ರ ಆಗಸ್ಟ್‌ನಲ್ಲಿ ಸ್ವಪಕ್ಷದ ಶಾಸಕರೇ ಅವಿಶ್ವಾಸ ತೋರಿದ್ದರಿಂದ ರಾಜೀನಾಮೆ ಕೊಡಬೇಕಾಯಿತು. ಏಕೀಕರಣವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಅವರ ನಿಷ್ಠುರ ಸ್ವಭಾವವೂ ಹಗೆಗಳನ್ನು ಬೆಳೆಸಿತ್ತು. ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳು ಆಡಳಿತ ನಡೆಸಿದರು. ನವೆಂಬರ್ 1ರಂದು ನಮ್ಮ ಹಳ್ಳಿಗಳು ವಿಶಾಲ ಮೈಸೂರಿಗೆ ಸೇರಿದಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ನಿಜಲಿಂಗಪ್ಪನವರು.

ಮುಂದೆ ಅವರು ಬೆಂಗಳೂರಿನಿಂದ ಲೋಕಸಭೆಗೆ ಆರಿಸಿ ಹೋದರು. 1967ರಿಂದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. 1971–72ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಗಳಾಗಿದ್ದರು. ರಾಜಕಾರಣದ ನಡುವೆಯೂ ಕುಮಾರವ್ಯಾಸನ ಮೇಲಿನ ಅವರ ಪ್ರೀತಿ ಬತ್ತಲಿಲ್ಲ. ಆ ಕವಿಯ ಭಾರತವನ್ನು ಸರಕಾರವೇ ಅಚ್ಚು ಹಾಕಿಸಿ ಅಗ್ಗದ ಬೆಲೆಗೆ ಜನರಿಗೆ ಒದಗಿಸುವಂತಾದುದು ಅವರ ಆಸಕ್ತಿಯಿಂದ. ಕುಮಾರವ್ಯಾಸ ಗದುಗಿನವನು, ನಮ್ಮ ನೆರೆಯವನು!

1980ರ ಡಿಸೆಂಬರ್ 1ರಂದು ಅವರು ತೀರಿಕೊಂಡರು. ತಾವು ಬಯಸಿದ ಆ ದೊಡ್ಡ ರಾಜ್ಯಕ್ಕೆ ಅವರು ಒಂದು ದಿನವೂ ಮುಖ್ಯಮಂತ್ರಿಗಳಾಗಲಿಲ್ಲ.