24 ತಾಸಿನ ಹಕ್ಕು ಮತ್ತು ಮಂಗಳೂರಿನ ಬಿ.ಎನ್. ರಾವ್

ವಿಜಯಪುರ: ಪೊಲೀಸರು ಯಾರನ್ನಾದರೂ ಹಿಡಕೊಂಡು ಹೋದ್ರ 24 ತಾಸಿನೊಳಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು. ನಮ್ಮ ಸ್ಟೇಷನ್ ರಸ್ತೆಯ ಯಾವ ಅಂಗಡಿಯವರನ್ನ ಕೇಳಿದ್ರೂ ಇಷ್ಟು ಹೇಳ್ತಾರ. ಈ ಮಾತು ಸಂವಿಧಾನದಾಗ ಬರಲು ಮಂಗಳೂರಿನ ಒಬ್ಬರು ಕಾರಣ, ಅದೂ ಉಲ್ಟಾ ದಾರಿಯಿಂದ.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರುವರಿ 26ರಂದು. ಕೆನರಾ ಹೈಸ್ಕೂಲ್, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಮುಂದ ಕೇಂಬ್ರಿಡ್ಜ್. ಐಸಿಎಸ್ ಪಾಸಾಗಿ ಬಂಗಾಳಕ್ಕೆ ಹೋದರು, ಕಲಕತ್ತಾ ಹೈಕೋರ್ಟಿನ ಜಡ್ಜ್ ಆದರು. ತಮ್ಮ ರಾಮರಾವ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು.

1946ರಲ್ಲಿ ರಾವ್ ಸಂವಿಧಾನ ಸಭೆಯ ಸಲಹೆಗಾರರಾದರು. ಸಂಬಳ ಬೇಡ ಅಂದರು. 1947ರ ಅಕ್ಟೋಬರಿನಲ್ಲಿ 243 ವಿಧಿಗಳ ಕಚ್ಚಾ ಕರಡು ಕೊಟ್ಟರು. ಇಷ್ಟು ಹಿಡಕೊಂಡು ಸಂವಿಧಾನ ಬರೆದವರೇ ರಾವ್ ಅನ್ನೋ ಮಂದಿ ಅದಾರ, ಅದು ತಪ್ಪು. ಅಂಬೇಡ್ಕರ್ ಸಮಿತಿ ಅದನ್ನ ತಿದ್ದಿ 315 ವಿಧಿಗಳ ಕರಡು ಮಾಡಿತು, ಸಭೆಯಲ್ಲಿ ಚರ್ಚೆಯಾಗಿ ಕಡೀಕ 395 ಆದವು.

ಕರಡು ಕೊಟ್ಟ ಮ್ಯಾಲ ರಾವ್ ಅಮೆರಿಕಕ್ಕೆ ಹೋದರು. ಅಲ್ಲಿನ ಸಂವಿಧಾನದಾಗ 'ಡ್ಯೂ ಪ್ರೊಸೆಸ್' ಅಂತ ಐತಿ. ಬರೀ ಕಾನೂನು ಇದ್ದರ ಸಾಲದು, ಅದು ನ್ಯಾಯವಾಗಿ ಐತೋ ಇಲ್ಲೋ ಅಂತ ಕೋರ್ಟು ನೋಡಬಹುದು. ನಮ್ಮ ಸಭೆಯೂ ಮೊದಲು ಇದನ್ನ ಒಪ್ಪಿತ್ತು. ಆದ್ರ ಅಮೆರಿಕದ ಸುಪ್ರೀಂ ಕೋರ್ಟಿನ ಜಡ್ಜ್ ಫ್ರಾಂಕ್‌ಫರ್ಟರ್ ಇದು ಬ್ಯಾಡ ಅಂತ ತಿಳಿಹೇಳಿದರು. ಅಲ್ಲಿ ಬ್ರೆಡ್ ಭಟ್ಟಿಯ ಕೆಲಸಗಾರರ ದುಡಿಮೆ ತಾಸು ಕಡಿಮೆ ಮಾಡಿದ ಕಾನೂನನ್ನೇ ಕೋರ್ಟು 1905ರಲ್ಲಿ ಹೊಡೆದುಹಾಕಿತ್ತು. ಇಲ್ಲೂ ಜಮೀನು ಸುಧಾರಣೆಗೆ ಹಂಗೇ ಆದ್ರ? ಸ್ವತಃ ಜಡ್ಜ್ ಆಗಿದ್ದ ರಾವ್, ಜಡ್ಜರ ಕೈಗೆ ಅಷ್ಟು ಅಧಿಕಾರ ಕೊಡಲು ಅಂಜಿದರು. ಕರಡು ಸಮಿತಿ ಆ ಶಬ್ದ ತೆಗೆದು, ಜಪಾನಿನ ಸಂವಿಧಾನದಂಗ 'ಕಾನೂನು ಗೊತ್ತುಪಡಿಸಿದ ಕ್ರಮ' ಅಂತ ಹಾಕಿತು. ಅದೇ ಈಗಿನ 21ನೇ ವಿಧಿ.

ನನಗ ಅನಿಸೋದು, ರಾವ್ ಅವರ ಅಂಜಿಕೆ ಖರೇ ಇತ್ತು, ಮದ್ದು ಮಾತ್ರ ಜಾಸ್ತಿ ಆತು. ಸರಕಾರ ಕಾನೂನು ಮಾಡಿ ಯಾರನ್ನ ಬೇಕಾದ್ರೂ ಒಳಗ ಹಾಕಬಹುದಲ್ಲ ಅಂತ ಸಭೆಯಲ್ಲಿ ಸದಸ್ಯರು ಸಿಟ್ಟಾದರು. ಅದಕ್ಕ ಅಂಬೇಡ್ಕರ್ 1949ರ ಸೆಪ್ಟೆಂಬರ್ 15ರಂದು ಇನ್ನೊಂದು ವಿಧಿ ತಂದರು, ಈಗಿನ 22ನೇದು. ಬಂಧನದ ಕಾರಣ ಹೇಳಬೇಕು, ವಕೀಲರನ್ನ ಇಟ್ಟುಕೊಳ್ಳಲು ಬಿಡಬೇಕು, 24 ತಾಸಿನೊಳಗ ಹಾಜರು ಮಾಡಬೇಕು. ಬಂಧಿಸಿದ ಜಾಗದಿಂದ ಕೋರ್ಟಿನ ದಾರಿ ಹೊತ್ತು ಅದರಾಗ ಹಿಡಿಯಂಗಿಲ್ಲ. ಮುಂಜಾಗ್ರತಾ ಬಂಧನಕ್ಕೂ ಇದು ಅನ್ವಯಿಸಂಗಿಲ್ಲ, ಇದನ್ನ ಭಾಳ ಮಂದಿ ಮರೀತಾರ.

ಅದೇ ಬಂಧನದಾಗ ಮದ್ರಾಸ್ ಜೈಲಿನಲ್ಲಿದ್ದ ಕಮ್ಯುನಿಸ್ಟ್ ಮುಖಂಡ ಎ.ಕೆ. ಗೋಪಾಲನ್ 1950ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಸೋತರು. ಕಾನೂನು ಐತಿ, ಸಾಕು ಅಂದಿತು ಕೋರ್ಟು.

ರಾವ್ ಆಗ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಜಡ್ಜ್ ಆದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಕಾನೂನಿನ ಕ್ರಮ ನ್ಯಾಯವಾಗಿಯೂ ಇರಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1978ರ ಜನವರಿಯಲ್ಲಿ, ಮೇನಕಾ ಗಾಂಧಿ ಪಾಸ್‌ಪೋರ್ಟ್ ಕೇಸಿನಾಗ. ಆ ಹೊತ್ತಿಗೆ ರಾವ್ ಹೋಗಿ 24 ವರ್ಷ ಆಗಿತ್ತು.